ಡಬ್ಬಿ ಮುಚ್ಚಳದ ಸಪ್ಪಳ

ರಾತ್ರಿ ಹನ್ನೊಂದರ ಹೊತ್ತಿಗೆ ಸ್ಟೀಲಿನ ಡಬ್ಬಿಯ ಮುಚ್ಚಳವನ್ನು ಸಪ್ಪಳವಾಗದಂತೆ ತೆಗೆಯುವ ವಿದ್ಯೆಯನ್ನು ನಾನು ಹದಿನೈದು ವರ್ಷ ಸಾಧನೆ ಮಾಡಿ ಕಲಿತಿದ್ದೇನೆ. ಒಂದು ಅಂಗೈಯನ್ನು ಮುಚ್ಚಳದ ಮೇಲೆ ಒತ್ತಿ ಹಿಡಿದು, ಇನ್ನೊಂದು ಕೈಯ ಹೆಬ್ಬೆರಳನ್ನು ಅಂಚಿಗೆ ಕೊಟ್ಟು, ಉಸಿರು ಬಿಗಿಹಿಡಿದು ಎತ್ತಬೇಕು. ಆಗ ಅದು 'ಠಣ್' ಅನ್ನುವುದಿಲ್ಲ, 'ಫುಸ್' ಅನ್ನುತ್ತದೆ. ಅಷ್ಟಾದರೂ ಒಳಗಿನ ಖೋಲಿಯಿಂದ ಹೆಂಡತಿಯ ದನಿ ಬರುತ್ತದೆ: "ಮತ್ತ ಇಲಿ ಬಂತೇನ್ರಿ?"

ಇಲಿಗೆ ಈಗ ಐವತ್ಮೂರು ವರ್ಷ. ಮನೆ ಬೆಳಗಾವಿಯ ಶಹಾಪುರದಲ್ಲಿ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತದೆ. ಡಬ್ಬಿಯಲ್ಲಿರುವುದು ಕುಂದಾ. ಹಾಲನ್ನು ಗಂಟೆಗಟ್ಟಲೆ ಕುದಿಸಿ, ಇಂಗಿಸಿ, ಖವೆ ಮಾಡಿ, ಸಕ್ಕರೆ ಕಂದಿಸುತ್ತ ಕೆದಕುತ್ತ ಹೋದರೆ ಕೊನೆಗೆ ಉಳಿಯುವ ಹರಳು ಹರಳಾದ ಕಂದು ಮುದ್ದೆ. ಇದಕ್ಕಿಂತ ಹೆಚ್ಚು ವರ್ಣಿಸಿದರೆ ಈ ಬರಹ ಮುಗಿಯುವ ಮೊದಲೇ ನಾನು ಎದ್ದು ಹೋಗಬೇಕಾದೀತು.

ಹೋದ ವರ್ಷ ರಕ್ತ ಪರೀಕ್ಷೆಯಲ್ಲಿ ನನ್ನ ಎಚ್‌ಬಿಎ1ಸಿ 7.9 ಬಂತು. ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಅಂಕಿ ಅದು. 6.5 ಮುಟ್ಟಿದರೆ ಮಧುಮೇಹ. ಡಾಕ್ಟರು ಚೀಟಿ ಬರೆಯುತ್ತಲೇ ಅಂದರು: "ಬಾಯಿ ಕಟ್ಟ್ರಿ ಸರ. ಈಗ ಬಾಯಿ ಕಟ್ಟಲಿಲ್ಲಂದ್ರ ಮುಂದ ಕಾಲಿಗೆ ಬ್ಯಾಂಡೇಜ್ ಕಟ್ಟಬೇಕಾಗ್ತದ." ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ ಅಧ್ಯಯನವೊಂದು 2023ರಲ್ಲಿ ಅಂದಾಜು ಮಾಡಿತ್ತು. ಅವರಲ್ಲಿ ಕನ್ನಡ ಬಲ್ಲವರಿಗೆಲ್ಲ ಈ ಎರಡು ಶಬ್ದದ ಔಷಧಿ ಸಿಕ್ಕೇ ಇರುತ್ತದೆ: ಬಾಯಿ ಕಟ್ಟಿ.

ಮನೆಗೆ ಬರುವಾಗ ಆ ಮಾತೇ ತಲೆಯಲ್ಲಿ ಸುತ್ತುತ್ತಿತ್ತು. ನಾವು ಸಣ್ಣವರಿದ್ದಾಗ ಹಂತಿ ಹೊಡೆಯುವಾಗ ಎತ್ತಿನ ಬಾಯಿಗೆ ಕುಕ್ಕೆ ಕಟ್ಟುತ್ತಿದ್ದರು. ಕಾಲ ಕೆಳಗೆ ಜೋಳದ ತೆನೆ ಹಾಸಿರುತ್ತಿತ್ತು, ಮೂಗಿಗೆ ಅದರ ವಾಸನೆ, ಬಾಯಿಗೆ ಮಾತ್ರ ಬಲೆ. ಎತ್ತಿನ ಆಸೆ ಒಂದು ಕಾಳಿನಷ್ಟೂ ಕಡಿಮೆಯಾಗಿರುತ್ತಿರಲಿಲ್ಲ. ಅದು ಸುತ್ತುತ್ತಿತ್ತು, ಅಷ್ಟೆ. ನಮ್ಮ ಭಾಷೆಯಲ್ಲಿ ಸಂಯಮ ಅಂದರೆ ಈ ಕುಕ್ಕೆ. ಮನಸ್ಸು ಮನಸ್ಸಿನ ಪಾಡಿಗಿರಲಿ, ಬಾಯಿಗೆ ಬೀಗ ಹಾಕು ಅಂತ. ನಾನೂ ಎಂಟು ದಿನ ಕುಕ್ಕೆ ಕಟ್ಟಿಕೊಂಡೆ. ಒಂಬತ್ತನೆಯ ದಿನ ರಾತ್ರಿ 'ಫುಸ್'.

ನಿಪ್ಪಾಣಿ ಕಡೆಯ ತಂಬಾಕಿನ ಹೊಲಗಳ ನಡುವೆ ಬೆಳೆದವರು ನಮ್ಮಪ್ಪ. ಅಂಗಿಯ ಕಿಸೆಯಲ್ಲಿ ಸದಾ ತಂಬಾಕು, ಸುಣ್ಣದ ಡಬ್ಬಿ. "ಅವ್ರಿಗೆ ತಂಬಾಕಿನ ಚಟ ಐತಿ" ಅನ್ನುತ್ತಿದ್ದರು ಜನ. ನನ್ನ ಬಗ್ಗೆ ಹಾಗಲ್ಲ, "ಸರಗ ಸಿಹಿ ಅಂದ್ರ ಭಾಳ ಪ್ರೀತಿ." ಅಪ್ಪ ರಾತ್ರಿ ಕತ್ತಲಲ್ಲಿ ಕಿಸೆ ತಡಕುತ್ತಿದ್ದುದಕ್ಕೂ ನಾನು ಕತ್ತಲಲ್ಲಿ ಡಬ್ಬಿ ತಡಕುವುದಕ್ಕೂ ಕೈಯ ಚಲನೆಯಲ್ಲಿ ವ್ಯತ್ಯಾಸವೇನೂ ಇಲ್ಲ. ಒಂದು ಚಟವಾಯಿತು, ಇನ್ನೊಂದು ಪ್ರೀತಿಯಾಯಿತು. ಒಂದೇ ಜಿಲ್ಲೆ ಎರಡನ್ನೂ ಬೆಳೆಯುತ್ತದೆ. ಸಕ್ಕರೆಗೆ ನಮ್ಮ ಊರಲ್ಲಿ ಎಸ್. ನಿಜಲಿಂಗಪ್ಪನವರ ಹೆಸರಿನ ಸಂಸ್ಥೆಯೇ ಇದೆ.

ಆಮೇಲೆ ಎಂಆರ್‌ಐ ಬಂತು. ಸಕ್ಕರೆಗೂ ಅದಕ್ಕೂ ಸಂಬಂಧವಿಲ್ಲ. ಕುತ್ತಿಗೆ ನೋವು, ಎಡಗೈ ಜೋಮು, ಒಂದು ಸ್ಕ್ಯಾನ್ ಮಾಡಿಸಿ ಅಂದರು. ಉಂಗುರ, ಉಡದಾರದ ಬೆಳ್ಳಿಗುಂಡು, ಕೈಗಡಿಯಾರ ಎಲ್ಲ ಬಿಚ್ಚಿಟ್ಟು ಕೊಳವೆಯೊಳಗೆ ಮಲಗಿದೆ. ಭೂಮಿಯ ಕಾಂತಕ್ಷೇತ್ರಕ್ಕಿಂತ 30 ಸಾವಿರ ಪಟ್ಟು ಬಲವಾದ 1.5 ಟೆಸ್ಲಾ ಕಾಂತವೊಂದು ನನ್ನ ಸುತ್ತ ಇದೆ, ನಾನು ಮಕ್ಕಳಿಗೆ ಕಬ್ಬಿಣದ ಪುಡಿ ಚೆಲ್ಲಿ ತೋರಿಸುವ ಕಾಂತದ ಅಜ್ಜ ಅದು, ಅಂತೆಲ್ಲ ಯೋಚಿಸಬೇಕಿತ್ತು. ಆದರೆ ಆ 'ಢಗ್ ಢಗ್ ಢಗ್' ಸಪ್ಪಳದಲ್ಲಿ ಅಲ್ಲಾಡದೆ ಮಲಗಿ ನಾನು ಯೋಚಿಸಿದ್ದು, ವಾಪಸು ಹೋಗುವಾಗ ಖಡೇಬಜಾರದ ಮೇಲೆ ಹೋದರೆ ಮಿಠಾಯಿ ಅಂಗಡಿ ತೆರೆದಿರುತ್ತದೋ ಇಲ್ಲವೋ ಅಂತ. ಆಗಲೇ ಹೊಳೆದದ್ದು: ಈಗ ಈ ಯಂತ್ರಕ್ಕೆ ಇದು ಕಾಣುತ್ತಿದೆಯೆ?

ಕಾಣುತ್ತಿರಲಿಲ್ಲ. ನನಗೆ ಮಾಡಿದ್ದು ಎಲುಬು, ನರಗಳ ಚಿತ್ರ. ಮೆದುಳು ಕೆಲಸ ಮಾಡುವುದನ್ನು ಹಿಡಿಯುವ ವಿಧಾನಕ್ಕೆ ಎಫ್‌ಎಂಆರ್‌ಐ ಅನ್ನುತ್ತಾರೆ. ಅದರ ಮೂಲಸೂತ್ರವನ್ನು 1990ರಲ್ಲಿ ಹಿಡಿದುಕೊಟ್ಟವರು ಜಪಾನಿನ ಸೇಜಿ ಒಗಾವಾ. ಆಮ್ಲಜನಕ ಹೊತ್ತ ರಕ್ತ ಮತ್ತು ಆಮ್ಲಜನಕ ಇಳಿಸಿದ ರಕ್ತ ಕಾಂತಕ್ಕೆ ಬೇರೆ ಬೇರೆ ರೀತಿ ಸ್ಪಂದಿಸುತ್ತವೆ. ಮೆದುಳಿನ ಯಾವ ಮೂಲೆ ದುಡಿಯುತ್ತದೋ ಅಲ್ಲಿಗೆ ತಾಜಾ ರಕ್ತ ನುಗ್ಗುತ್ತದೆ. ಐದಾರು ಸೆಕೆಂಡು ತಡವಾಗಿ, ನೂರಕ್ಕೆ ಒಂದೆರಡು ಪಾಲಿನಷ್ಟು ಸಂಕೇತ ಬದಲಾಗುತ್ತದೆ. ಅಷ್ಟೇ ಸುಳಿವು. ಅಂದರೆ ಯಂತ್ರ ನೋಡುವುದು ವಿಚಾರವನ್ನಲ್ಲ, ವಿಚಾರದ ಹಿಂದೆ ಓಡಿ ಬರುವ ರಕ್ತವನ್ನು. ಕಬ್ಬಿನ ಟ್ರ್ಯಾಕ್ಟರ್ ದಾಟಿ ಹೋದ ಮೇಲೆ ರಸ್ತೆಯಲ್ಲಿ ಬಿದ್ದ ರವದಿ ನೋಡಿ ಎಷ್ಟು ಟನ್ ಹೋಯಿತು ಅಂತ ಲೆಕ್ಕ ಹಾಕಿದ ಹಾಗೆ.

ಹೀಗೆ ಒಂದು ಬೇಸಿಗೆ ರಜೆಯ ತುಂಬ ಈ ಸಂಶೋಧನೆಗಳನ್ನು ಓದುತ್ತ ಕಳೆದೆ. ಮನೆಯವರು ನಾನು ಸಕ್ಕರೆ ಕಾಯಿಲೆ ಬಗ್ಗೆ ಓದುತ್ತಿದ್ದೇನೆ ಅಂದುಕೊಂಡಿದ್ದರು. ನಿಜ ಹೇಳಬೇಕೆಂದರೆ ನಾನು ಹುಡುಕುತ್ತಿದ್ದದ್ದು ಒಂದು ನೆಪವನ್ನು. "ನೋಡು, ನನ್ನ ತಪ್ಪಲ್ಲ, ಮೆದುಳಿನದು" ಅನ್ನಲಿಕ್ಕೆ ಒಂದು ಬಣ್ಣದ ಚಿತ್ರ ಸಿಕ್ಕಿದ್ದರೆ ಸಾಕಿತ್ತು.

ನೆಪ ಸಿಕ್ಕಿತು ಕೂಡ. 2001ರಲ್ಲಿ ಜೀನ್-ಜ್ಯಾಕ್ ವಾಂಗ್, ನೋರಾ ವೋಲ್ಕೋವ್ ಮತ್ತು ಸಂಗಡಿಗರು ಪೆಟ್ ಸ್ಕ್ಯಾನ್ (ಅಲ್ಪ ವಿಕಿರಣಶೀಲ ಗುರುತುದ್ರವ್ಯ ಚುಚ್ಚಿ ಅದು ಎಲ್ಲಿ ಸೇರುತ್ತದೆಂದು ನೋಡುವ ವಿಧಾನ) ಮಾಡಿ ತೋರಿಸಿದ್ದರು: ಅತಿಯಾದ ಬೊಜ್ಜಿರುವ 10 ಜನರ ಮೆದುಳಿನ ಆಳದ ಸ್ಟ್ರಯೇಟಮ್‌ನಲ್ಲಿ ಡೋಪಮೀನ್ ಎಂಬ, ನರಕೋಶಗಳ ನಡುವೆ ಸುದ್ದಿ ಒಯ್ಯುವ ರಾಸಾಯನಿಕವನ್ನು ಹಿಡಿಯುವ ಡಿ2 ಗ್ರಾಹಕಗಳು ಕಡಿಮೆ ಕಾಣುತ್ತವೆ. ವ್ಯಸನಿಗಳಲ್ಲೂ ಇಂಥದೇ ಕಂಡಿತ್ತು. ಅಲ್ಲಿಂದ 'ಆಹಾರವೂ ಮಾದಕ ವಸ್ತುವೇ' ಎಂಬ ಮಾತು ಹಬ್ಬಿತು. 2009ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಆಶ್ಲೀ ಗಿಯರ್‌ಹಾರ್ಟ್ ಮತ್ತು ಸಂಗಡಿಗರು ತಿನ್ನುವ ಚಟ ಅಳೆಯಲು 25 ಪ್ರಶ್ನೆಗಳ ಅಳತೆಗೋಲು ಮಾಡಿದರು. ಅಂದುಕೊಂಡದ್ದಕ್ಕಿಂತ ಹೆಚ್ಚು ತಿನ್ನುತ್ತೀರಾ? ಹಸಿವಿಲ್ಲದಿದ್ದರೂ ತಿನ್ನುತ್ತೀರಾ? ಕೆಡುಕಾಗುತ್ತದೆಂದು ಗೊತ್ತಿದ್ದೂ ಬಿಡಲಾಗುತ್ತಿಲ್ಲವೇ? ಓದುತ್ತ ಓದುತ್ತ ಯಾರೋ ನಮ್ಮ ಅಡುಗೆಮನೆಯಲ್ಲಿ ಕ್ಯಾಮೆರಾ ಇಟ್ಟಿದ್ದಾರೇನೋ ಅನ್ನಿಸಿತು. 2011ರಲ್ಲಿ ಅವರೇ 48 ಹೆಣ್ಣುಮಕ್ಕಳನ್ನು ಸ್ಕ್ಯಾನರಿನಲ್ಲಿ ಮಲಗಿಸಿ ಚಾಕೊಲೇಟ್ ಮಿಲ್ಕ್‌ಶೇಕ್ ಕೊಟ್ಟರು. ಅಂಕ ಹೆಚ್ಚಿದ್ದವರ ಮೆದುಳು ಹೆಚ್ಚು ಮಿನುಗಿದ್ದು ಕುಡಿಯುವಾಗಲ್ಲ, 'ಈಗ ಬರುತ್ತದೆ' ಎಂಬ ಸೂಚನೆ ಕಂಡಾಗ.

ಇಲ್ಲಿ ನಾನು ನಿಂತೆ. ಇದು ನೆಪಕ್ಕಿಂತ ದೊಡ್ಡ ಮಾತು.

ವುಲ್ಫ್‌ರಾಮ್ ಶುಲ್ಟ್ಸ್ ಎಂಬ ವಿಜ್ಞಾನಿ ಮಂಗಗಳ ಡೋಪಮೀನ್ ಜೀವಕೋಶಗಳನ್ನು ಒಂದೊಂದಾಗಿ ಆಲಿಸಿದವರು. ಮೊದಮೊದಲು ಮಂಗದ ಬಾಯಿಗೆ ಹಣ್ಣಿನ ರಸ ಬಿದ್ದಾಗ ಕೋಶಗಳು ಸಿಡಿಯುತ್ತಿದ್ದವು. ರಸಕ್ಕೆ ಮೊದಲು ದೀಪ ಹೊತ್ತಿಸುವ ರೂಢಿ ಮಾಡಿದ ಮೇಲೆ ಸಿಡಿತ ದೀಪಕ್ಕೆ ವರ್ಗವಾಯಿತು. ರಸ ಬಂದಾಗ ಹೊಸ ಸಿಡಿತವಿಲ್ಲ, ಎಲ್ಲ ಮಾಮೂಲಿ. ದೀಪ ಹೊತ್ತಿ ರಸ ಬರದೇ ಹೋದರೆ, ರಸ ಬರಬೇಕಿದ್ದ ಆ ಕ್ಷಣದಲ್ಲೇ ಕೋಶಗಳು ಮಾಮೂಲಿಗಿಂತ ಕೆಳಗೆ ಕುಸಿಯುತ್ತಿದ್ದವು. ಅಂದರೆ ಡೋಪಮೀನ್ ರುಚಿಯ ಲೆಕ್ಕ ಇಡುವುದಿಲ್ಲ, ನಿರೀಕ್ಷೆಗೂ ಸಿಕ್ಕದ್ದಕ್ಕೂ ಇರುವ ಅಂತರದ ಲೆಕ್ಕ ಇಡುತ್ತದೆ. ಕೆಂಟ್ ಬೆರಿಡ್ಜ್ ಎಂಬ ಇನ್ನೊಬ್ಬ ವಿಜ್ಞಾನಿ ಇದನ್ನೇ ಇನ್ನೊಂದು ದಿಕ್ಕಿನಿಂದ ಹೇಳಿದರು: 'ಬೇಕು' ಎಂಬುದೂ 'ಸವಿ' ಎಂಬುದೂ ಮೆದುಳಿನಲ್ಲಿ ಬೇರೆ ಬೇರೆ ಜಾಗದ ಕೆಲಸ. ಸವಿ ಸತ್ತ ಮೇಲೂ 'ಬೇಕು' ಬದುಕಿರಬಹುದು.

ಡಬ್ಬಿಯ ಮುಚ್ಚಳ ನನ್ನ ದೀಪ. ಪ್ರಾಮಾಣಿಕವಾಗಿ ಹೇಳುತ್ತೇನೆ, ಮೊದಲ ಚಮಚೆ ಕುಂದಾ ಸ್ವರ್ಗ. ಎರಡನೆಯದು ಕುಂದಾ. ಮೂರು, ನಾಲ್ಕು, ಐದನೆಯವು ಬರೀ ಕೈಯ ಕೆಲಸ. ನಾಲಿಗೆ ಅಷ್ಟೊತ್ತಿಗೆ ಸಭೆ ಬಿಟ್ಟು ಎದ್ದು ಹೋಗಿರುತ್ತದೆ. ಡಾನಾ ಸ್ಮಾಲ್ ಮತ್ತು ಸಂಗಡಿಗರು 2001ರಲ್ಲಿ ಚಾಕೊಲೇಟ್ ಪ್ರಿಯರಿಗೆ ಬೇಕೆನ್ನುವ ಹಂತದಿಂದ ಹಿಡಿದು ಸಾಕಪ್ಪಾ ಸಾಕು ಅನ್ನುವ ಹಂತದವರೆಗೂ ತಿನ್ನಿಸುತ್ತ ಸ್ಕ್ಯಾನ್ ಮಾಡಿದರು. ಅದೇ ಚಾಕೊಲೇಟ್, ಅದೇ ಬಾಯಿ. ಆದರೆ ಸಂತೋಷ ಹೇಸಿಗೆಯಾಗುತ್ತ ಹೋದ ಹಾಗೆ ಕಣ್ಣಿನ ಮೇಲಿನ ಆರ್ಬಿಟೋಫ್ರಂಟಲ್ ಭಾಗದಲ್ಲಿ ಚಟುವಟಿಕೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯಿತು. ಮದುವೆ ಮನೆಯ ಪಂಕ್ತಿಯಲ್ಲಿ ಬೀಗರು ಒತ್ತಾಯ ಮಾಡಿ ಐದನೆಯ ಮಂಡಿಗೆ ಹಾಕುವಾಗ ನಮ್ಮ ತಲೆಯಲ್ಲಿ ಏನಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗ ಬೇಡ.

ಇಷ್ಟು ಓದಿದ ಮೇಲೂ ಕುಕ್ಕೆಯ ಪ್ರಶ್ನೆ ಉಳಿದಿತ್ತು. ತಡೆಯುವವರು ಹೇಗೆ ತಡೆಯುತ್ತಾರೆ?

ಅದಕ್ಕೆ ನನಗೆ ಸಿಕ್ಕ ಉತ್ತರ 2009ರದು. ಅಮೆರಿಕದ ವಿಶ್ವವಿದ್ಯಾಲಯ ಕ್ಯಾಲ್ಟೆಕ್‌ನಲ್ಲಿ ಟಾಡ್ ಹೇರ್, ಕಾಲಿನ್ ಕ್ಯಾಮರರ್, ಆಂಟೋನಿಯೊ ರಾಂಜೆಲ್ ಸೇರಿ ಪಥ್ಯದಲ್ಲಿದ್ದ 37 ಜನರನ್ನು ಕರೆದರು. 50 ತಿನಿಸುಗಳ ಚಿತ್ರ ತೋರಿಸಿ ಮೊದಲು ಎಷ್ಟು ರುಚಿ, ಎಷ್ಟು ಆರೋಗ್ಯಕರ ಅಂತ ಬೇರೆ ಬೇರೆಯಾಗಿ ಕೇಳಿದರು. ಆಮೇಲೆ ಒಂದು ಸಾಧಾರಣ ತಿನಿಸಿನ ಎದುರು ಒಂದೊಂದನ್ನೇ ಇಟ್ಟು, ಯಾವುದು ಬೇಕು ಎಂದು ಸ್ಕ್ಯಾನರಿನೊಳಗೇ ಆರಿಸಲು ಹೇಳಿದರು. 19 ಜನ ಸಂಯಮಿಗಳು ಎನಿಸಿದರು, 18 ಜನ ನನ್ನಂಥವರು. ಎರಡೂ ಗುಂಪಿನಲ್ಲಿ ಹಣೆಯ ಹಿಂದೆ ತಳದಲ್ಲಿರುವ ವೆಂಟ್ರೋಮೀಡಿಯಲ್ ಪ್ರಿಫ್ರಂಟಲ್ ಭಾಗ ತಿನಿಸಿನ ಬೆಲೆ ಕಟ್ಟುತ್ತಿತ್ತು. ನನ್ನಂಥವರಲ್ಲಿ ಆ ಬೆಲೆಯಲ್ಲಿ ಇದ್ದದ್ದು ಬರೀ ರುಚಿ. ಸಂಯಮಿಗಳಲ್ಲಿ ರುಚಿಯ ಜೊತೆ ಆರೋಗ್ಯವೂ ಅದೇ ಬೆಲೆಯೊಳಗೆ ಸೇರಿತ್ತು. ಹಣೆಯ ಮೇಲ್ಬದಿಯ ಇನ್ನೊಂದು ಭಾಗ, ಡಿಎಲ್‌ಪಿಎಫ್‌ಸಿ ಅನ್ನುತ್ತಾರೆ, ಅವರಲ್ಲಿ ಹೆಚ್ಚು ಚುರುಕಾಗಿ ಬೆಲೆ ಕಟ್ಟುವ ಜಾಗದ ಮೇಲೆ ಪ್ರಭಾವ ಬೀರುತ್ತಿದ್ದಂತೆ ಕಂಡಿತು.

ಈ ಪ್ರಯೋಗ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇಲ್ಲಿ ಕುಕ್ಕೆಯೇ ಇಲ್ಲ! ಇರುವುದು ತಕ್ಕಡಿ. ಸಂಯಮಿ ಆಸೆಯನ್ನು ಹಿಡಿದು ಕಟ್ಟುತ್ತಿಲ್ಲ. ಅವನ ತಕ್ಕಡಿಯಲ್ಲಿ ಇನ್ನೊಂದು ಕಲ್ಲು ಮೊದಲೇ ಬಿದ್ದಿರುತ್ತದೆ, ಹಾಗಾಗಿ ಆಸೆಯೇ ಹಗುರ ತೂಗುತ್ತದೆ. ಅಂಥವನನ್ನು ನೋಡಿ ನಾವು "ಎಂಥಾ ಮನೋಬಲ" ಅನ್ನುತ್ತೇವೆ. ಅವನಿಗೆ ಬಲ ಹಾಕುವ ಪ್ರಸಂಗವೇ ಕಡಿಮೆ.

ಆದರೆ ಆ ಕಲ್ಲು ತಡವಾಗಿ ಬರುತ್ತದೆ ಅನ್ನುವುದೂ ನಿಜ. ರಾಂಜೆಲ್ ಅವರ ತಂಡವೇ 2015ರಲ್ಲಿ, ಕಂಪ್ಯೂಟರ್ ಮೌಸ್ ಯಾವ ಕ್ಷಣಕ್ಕೆ ಯಾವ ಕಡೆ ವಾಲುತ್ತದೆ ಅಂತ ಅಳೆದು, ರುಚಿಯ ಮಾಹಿತಿ ಆರೋಗ್ಯದ ಮಾಹಿತಿಗಿಂತ ಸರಾಸರಿ 195 ಮಿಲಿಸೆಕೆಂಡು ಮುಂಚೆ ನಿರ್ಧಾರದೊಳಗೆ ಇಳಿಯುತ್ತದೆ ಎಂದು ಕಂಡುಕೊಂಡಿತು. ಸೆಕೆಂಡಿನ ಐದನೆಯ ಒಂದು ಪಾಲು. ನನ್ನ 7.9 ಎಂಬ ಅಂಕಿ ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಕುಂದಾ ಬಾಯೊಳಗೆ ಹೋಗಿ ಕೂತಿರುತ್ತದೆ. 2011ರ ಇನ್ನೊಂದು ಪ್ರಯೋಗದಲ್ಲಿ, ಆರಿಸುವ ಮೊದಲು 'ಆರೋಗ್ಯದ ಕಡೆ ಗಮನ ಕೊಡಿ' ಎಂದು ನೆನಪಿಸಿದ್ದಕ್ಕೇ ಜನರ ಆಯ್ಕೆಯೂ ಬೆಲೆ ಕಟ್ಟುವ ಭಾಗದ ಸಂಕೇತವೂ ಬದಲಾಯಿತು. ಅಂದರೆ ಕಲ್ಲನ್ನು ಬೇಗ ಹಾಕಬಹುದು, ಯಾರಾದರೂ ಹೊತ್ತಿಗೆ ಸರಿಯಾಗಿ ನೆನಪಿಸಿದರೆ. "ಮತ್ತ ಇಲಿ ಬಂತೇನ್ರಿ" ಅನ್ನುವುದು ಒಂದು ನಿಮಿಷ ಮೊದಲು ಬಂದಿದ್ದರೆ ಚೆನ್ನಾಗಿತ್ತು. ಅದು ಯಾವಾಗಲೂ ಮುಚ್ಚಳ ತೆಗೆದ ಮೇಲೆಯೇ ಬರುತ್ತದೆ.

ಇಷ್ಟೆಲ್ಲ ಹೇಳಿ ಈಗ ತಕರಾರು. ಮೆದುಳಿನ ಬಣ್ಣದ ಚಿತ್ರ ಕಂಡ ಕೂಡಲೇ ಕೈಮುಗಿಯುವುದು ಬೇಡ. ನಮ್ಮ ಶಾಲೆಯ ಹತ್ತನೆಯ ಇಯತ್ತೆಯ ಹುಡುಗರಿಗೆ ನಾನು ಸತ್ತ ಮೀನಿನ ಕಥೆ ಹೇಳುತ್ತೇನೆ, ಅದು ಕಥೆಯಲ್ಲ. ಕ್ರೇಗ್ ಬೆನೆಟ್ ಎಂಬವರು ಅಂಗಡಿಯಿಂದ ತಂದ ಸತ್ತ ಸಾಲ್ಮನ್ ಮೀನನ್ನು ಸ್ಕ್ಯಾನರಿನಲ್ಲಿಟ್ಟು, ಮನುಷ್ಯರ ಚಿತ್ರ ತೋರಿಸಿ, ಇವರಿಗೆ ಈಗ ಏನನ್ನಿಸುತ್ತಿದೆ ಹೇಳು ಅಂತ ಕೇಳಿದರು. ಲೆಕ್ಕಾಚಾರದಲ್ಲಿ ಹಾಕಬೇಕಾದ ತಿದ್ದುಪಡಿ ಹಾಕದಿದ್ದರೆ ಸತ್ತ ಮೀನಿನ ಮೆದುಳೂ ಮಿನುಗಿತು! 2012ರಲ್ಲಿ ಅವರಿಗೆ ಇಗ್ ನೊಬೆಲ್, ಅಂದರೆ ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಬಹುಮಾನ, ಸಿಕ್ಕಿತು. ಸಾವಿರಾರು ಚುಕ್ಕೆಗಳಲ್ಲಿ ಹುಡುಕಿದರೆ ಎಲ್ಲೋ ಒಂದು ಕಡೆ ಏನೋ ಕಂಡೇ ಕಾಣುತ್ತದೆ ಅನ್ನುವುದು ಅದರ ತಿರುಳು. 2001ರ ಆ ಡೋಪಮೀನ್ ಫಲಿತಾಂಶಕ್ಕೂ ಮುಂದೆ ಪರವಿರೋಧ ಎರಡೂ ಬಂದವು. 2025ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ತಂಡ 50 ಜನರಿಗೆ ಮಿಲ್ಕ್‌ಶೇಕ್ ಕುಡಿಸಿ ಪೆಟ್ ಸ್ಕ್ಯಾನ್ ಮಾಡಿದಾಗ, ಮಾದಕ ವಸ್ತುವಿನಂತೆ ಡೋಪಮೀನ್ ಉಕ್ಕುತ್ತದೆ ಎಂಬ ನಿರೀಕ್ಷೆ ಹುಸಿಯಾಯಿತು; ಒಬ್ಬರಿಂದೊಬ್ಬರಿಗೆ ಅಜಗಜಾಂತರ. 2013ರ ಡಿಎಸ್‌ಎಂ-5 ಎಂಬ ಮನೋರೋಗಗಳ ಪಟ್ಟಿ ಜೂಜನ್ನು ವ್ಯಸನದ ಸಾಲಿಗೆ ಸೇರಿಸಿತು, ಊಟವನ್ನು ಸೇರಿಸಲಿಲ್ಲ. ನನ್ನ ನೆಪ ಅಲ್ಲಿಗೆ ಅರ್ಧ ಸತ್ತಿತು.

ನನಗೆ ಸಿಟ್ಟು ಬಂದದ್ದು ಇನ್ನೊಂದು ಅಧ್ಯಯನಕ್ಕೆ. 2009ರಲ್ಲಿ ವಾಂಗ್ ಅವರ ತಂಡವೇ 23 ಜನರನ್ನು ಉಪವಾಸ ಕೆಡವಿ, ಅವರಿಗೆ ಇಷ್ಟವಾದ ತಿನಿಸನ್ನು ಮುಂದಿಟ್ಟು, ಆಸೆಯನ್ನು ಅದುಮಿಡಿ ಎಂದು ಹೇಳಿ ಪೆಟ್ ಸ್ಕ್ಯಾನ್ ಮಾಡಿತು. ಗಂಡಸರಲ್ಲಿ ಹಸಿವಿನ ಜಾಲದ ಚಟುವಟಿಕೆ ತಗ್ಗಿತು, ಹೆಂಗಸರಲ್ಲಿ ತಗ್ಗಲಿಲ್ಲ. ಹಸಿವು ಹತ್ತಿಕ್ಕುವ ಶಕ್ತಿ ಹೆಂಗಸರಿಗೆ ಕಡಿಮೆ ಇರಬಹುದು ಎಂಬುದು ಅವರ ಸೂಚನೆ. ಇದನ್ನು ನಾನು ಹೆಂಡತಿಗೆ ಓದಿ ಹೇಳಿದ ದಿನ ಸಂಕಷ್ಟಿ. ಆಕೆ ಬೆಳಗಿನಿಂದ ನೀರು ಚಹಾದ ಮೇಲಿದ್ದಳು, ಚಂದ್ರ ಕಾಣಲು ಇನ್ನೂ ಎರಡು ತಾಸಿತ್ತು, ಕೈಯಲ್ಲಿ ಜಾಲರಿ ಸೌಟು, ಬಾಣಲೆಯಲ್ಲಿ ಕಡಬು ಕರಿಯುತ್ತಿದ್ದಳು. ಉಪ್ಪು ಬೆಲ್ಲ ಕೂಡ ನಾಲಿಗೆಗೆ ಹಚ್ಚಿ ನೋಡಿರಲಿಲ್ಲ. ನಾನು ಅಲ್ಲೇ ನಿಂತು ಎರಡು ಕಡಬು ತಿಂದು ಮುಗಿಸಿದ್ದೆ. ಆಕೆ ಅಂದದ್ದು ಇಷ್ಟೇ: "ಅವ್ರು ಅಡಗಿ ಮಾಡ್ಕೋತ ಉಪವಾಸ ಮಾಡಿದ್ರೇನು, ಮಕ್ಕೊಂಡು ಮಾಡಿದ್ರೇನು?"

ಮಲಗಿಕೊಂಡು. ಅಲ್ಲೇ ಇದೆ ನೋಡಿ. ಒಳಗೆ ಹಸಿವು ಉರಿಯುತ್ತಲೇ ಇದ್ದು, ಕೈ ತಿನ್ನದೇ ಇರುವುದಕ್ಕೆ ಸ್ಕ್ಯಾನರಿನಲ್ಲಿ ಅಂಕ ಇಲ್ಲ. ಇಪ್ಪತ್ತಮೂರು ಜನರ ಮೆದುಳು ನೋಡಿ ಅರ್ಧ ಮನುಕುಲದ ಬಗ್ಗೆ ಮಾತಾಡುವ ಧೈರ್ಯವೂ ನನಗೆ ಹಿಡಿಸಲಿಲ್ಲ.

ಇನ್ನೊಂದು ಸಂಗತಿಯೂ ಆ ಕೊಳವೆಯೊಳಗೆ ಹಿಡಿಯುವುದಿಲ್ಲ: ನನ್ನಕ್ಕ. ಆಕೆಯನ್ನು ಕೊಟ್ಟಿದ್ದು ಬಾಗಲಕೋಟೆ ಜಿಲ್ಲೆಯ ಅಮೀನಗಡಕ್ಕೆ. ಕರದಂಟಿನ ಊರು. ಕರಿದ ಅಂಟು, ಅದೇ ಕರದಂಟು. ತುಪ್ಪದಲ್ಲಿ ಅಂಟನ್ನು ಹರಳು ಬಿಡುವಂತೆ ಕರಿದು, ಬೆಲ್ಲದ ಪಾಕ, ಒಣಕೊಬ್ಬರಿ, ಗೋಡಂಬಿ, ಉತ್ತತ್ತಿ. ಗೋಕಾಕದವರು ತಮ್ಮದೇ ಮೇಲು ಅನ್ನುತ್ತಾರೆ, ಆ ಜಗಳಕ್ಕೆ ನಾನಿಲ್ಲ. ಕೊಬ್ಬು ಮತ್ತು ಕಾರ್ಬೊಹೈಡ್ರೇಟ್ (ಸಕ್ಕರೆ, ಪಿಷ್ಟ) ಎರಡೂ ಕೂಡಿದ ತಿನಿಸಿಗೆ ಮೆದುಳು, ಅಷ್ಟೇ ಕ್ಯಾಲೊರಿಯ ಬರೀ ಕೊಬ್ಬು ಅಥವಾ ಬರೀ ಕಾರ್ಬೊಹೈಡ್ರೇಟಿಗಿಂತ ಹೆಚ್ಚು ಬೆಲೆ ಕಟ್ಟುತ್ತದೆ ಎಂದು 2018ರ ಒಂದು ಪ್ರಯೋಗ ತೋರಿಸಿದೆ. ನಿಸರ್ಗದಲ್ಲಿ ಆ ಜೋಡಿ ಅಪರೂಪ. ತಾಯಿಯ ಹಾಲು ಒಂದು ದೊಡ್ಡ ಅಪವಾದ. ನಮ್ಮ ಕಡೆ ಅಂಟಿನ ಉಂಡಿಯನ್ನು ಬಾಣಂತಿಗೆ ಕೊಡುತ್ತಾರೆ. ಆ ರುಚಿಗೂ ತವರಿಗೂ ಇರುವ ಗಂಟು ಎಷ್ಟು ಹಳೆಯದೋ.

ಅಕ್ಕನ ಮನೆಗೆ ಹೋದರೆ ತಾಟಿನಲ್ಲಿ ಕರದಂಟು ಬಂದೇ ಬರುತ್ತದೆ. "ಸಕ್ಕರಿ ಅಲ್ಲೋ, ಬೆಲ್ಲ ಇದು, ಏನಾಗೂದಿಲ್ಲ" ಅನ್ನುತ್ತಾಳೆ. ಒಲ್ಲೆ ಅಂದರೆ ಆಕೆಯ ಮುಖ ಸಣ್ಣದಾಗುತ್ತದೆ. ಕ್ಯಾಲ್ಟೆಕ್‌ನ 50 ಚಿತ್ರಗಳ ಪೈಕಿ ಒಂದನ್ನೂ ಯಾರ ಅಕ್ಕನೂ ಕೈಯಲ್ಲಿ ಹಿಡಿದು ನಿಂತಿರಲಿಲ್ಲ. ಅವರ ತಕ್ಕಡಿಯಲ್ಲಿ ಎರಡೇ ಕಲ್ಲು, ರುಚಿ ಮತ್ತು ಆರೋಗ್ಯ. ನನ್ನ ತಕ್ಕಡಿಯಲ್ಲಿ ಅಕ್ಕನ ಮುಖವೂ ಇದೆ, ಅದು ಎಲ್ಲಕ್ಕಿಂತ ಭಾರ. ಹೋದ ಶ್ರಾವಣದಲ್ಲಿ ಹೋದಾಗ ತಾಟು ಬರುವ ಮೊದಲೇ, ಚಪ್ಪಲಿ ಬಿಡುತ್ತ ಹೊಸ್ತಿಲಲ್ಲೇ ಅಂದುಬಿಟ್ಟೆ: "ಅಕ್ಕಾ, ಕಾಲಿಗೆ ಜೋಮು ಹಿಡಿಯಾಕತ್ತೇತಿ, ಡಾಕ್ಟರು ಅಂಜಿಸ್ಯಾರ." ಆಕೆ ಒಂದು ಗಳಿಗೆ ನೋಡಿದಳು. ನಮ್ಮಪ್ಪ ಹೋದದ್ದು ಬಾಯಿಯ ಕ್ಯಾನ್ಸರಿನಿಂದ. ಒಳಗೆ ಹೋಗಿ ಕಡಕ್ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಮೊಸರು ತಂದಿಟ್ಟಳು. ಆ ದಿನ ಕಲ್ಲು 195 ಮಿಲಿಸೆಕೆಂಡಿಗಿಂತ ಮೊದಲೇ ಬಿದ್ದಿತ್ತು.

ಮನೆಯಲ್ಲಿ ಈಗ ಕುಂದಾ ಇಲ್ಲ. ಬಿಟ್ಟಿದ್ದೇನೆ ಅಂತಲ್ಲ; ಹಬ್ಬಕ್ಕೆ, ಮದುವೆಗೆ ಒಂದೊಂದು ಚಮಚೆ ಇದೆ. ಖಡೇಬಜಾರದ ದಾರಿ ತಪ್ಪಿಸಿ ಸುತ್ತು ಹಾಕಿ ಬರುತ್ತೇನೆ. ಹೋದ ತಿಂಗಳ ಎಚ್‌ಬಿಎ1ಸಿ 7.1.

ಮೊನ್ನೆ ರಾತ್ರಿ ಪೇಪರ್ ತಿದ್ದುತ್ತ ಕೂತಿದ್ದೆ. ಅಡುಗೆಮನೆಯಿಂದ 'ಠಣ್' ಅಂತ ಬಂತು. ಅದೇ ಡಬ್ಬಿ. ಬಾಯಲ್ಲಿ ನೀರು ತುಂಬಿಕೊಂಡಿತು, ಕೈಯಲ್ಲಿದ್ದ ಕೆಂಪು ಪೆನ್ನು ನಿಂತಿತು.

"ಜೀರಗಿ ಹಾಕೇನ್ರಿ ಅದ್ರಾಗ" ಅಂದಳು ಒಳಗಿನಿಂದಲೇ, ನಾನು ಏನೂ ಕೇಳದಿದ್ದರೂ.

ಗೊತ್ತು ಅಂದೆ. ಆಕೆ ದೀಪ ಆರಿಸಿ ಮಲಗಿದ ಮೇಲೆ ಎದ್ದು ಹೋಗಿ, ಅಂಗೈಯನ್ನು ಮುಚ್ಚಳದ ಮೇಲೆ ಒತ್ತಿ ಹಿಡಿದು, ಒಮ್ಮೆ ತೆಗೆದು ನೋಡಿದೆ. ಜೀರಿಗೆಯೇ ಇತ್ತು.